ತೆಂಗಿನಕಾಯಿ ನುಂಗಿದ ಕೆಂಪು ಕಾರು

ಮಾಟುಂಗದ ಸಭಾಂಗಣದಲ್ಲಿ ಅಕ್ಕನ ಶ್ರದ್ಧಾಂಜಲಿ ಸಭೆ ನಡೆದಾಗ ಮಾತಾಡಿದವರೆಲ್ಲ ಒಬ್ಬರಾದ ಮೇಲೆ ಒಬ್ಬರು ಒಂದೇ ಸುಳ್ಳನ್ನು ಹೇಳಿದರು. ಅಕ್ಕ ಶಾಂತ ಸ್ವಭಾವದವರಂತೆ. ಸದಾ ಹಸನ್ಮುಖಿಯಂತೆ. ತಾಳ್ಮೆಯೇ ಮೈವೆತ್ತಂತೆ ಇದ್ದರಂತೆ. ಅವರ ಮೈದುನ, ಅಂದರೆ ಗೋರೆಗಾಂವ್‌ನ ಹೋಟೆಲಿನ ಈಗಿನ ಯಜಮಾನ, ಬಿಳಿ ಅಂಗಿಯ ತೋಳು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತು, "ನಮ್ಮ ಅತ್ತಿಗೆ ಒಂದು ದಿನವೂ ಯಾರ ಮೇಲೂ ದನಿ ಎತ್ತಿದವರಲ್ಲ" ಎಂದಾಗ ನನಗೆ ಕುರ್ಚಿಯ ಮೇಲೆ ಕೂರಲಾಗಲಿಲ್ಲ. ಅಕ್ಕ ಆ ಮನುಷ್ಯನ ಮೇಲೆಯೇ ದನಿ ಎತ್ತಿದ್ದನ್ನು ಇಡೀ ಹೋಟೆಲು ಕೇಳಿದೆ. ಎದುರಿನ ರಿಕ್ಷಾ ಸ್ಟ್ಯಾಂಡಿನವರೂ ಕೇಳಿದ್ದಾರೆ.

ನನ್ನ ಸರದಿ ಬಂತು. ನಾನು ಅಕ್ಕನ ನೆರೆಮನೆಯವಳು, ಎರಡು ಮಾತು ಹೇಳಲಿ ಎಂದು ಕರೆದಿದ್ದರು. ನಾನು "ಅಕ್ಕ ಬಹಳ ಸಿಟ್ಟಿನ ಹೆಂಗಸು" ಎಂದು ಶುರುಮಾಡಿದೆ. ನಿರೂಪಕ ಓಡಿ ಬಂದು, ಮುಖದ ತುಂಬ ನಗು ತುಂಬಿಕೊಂಡು, "ಸಮಯದ ಅಭಾವ" ಎಂದು ಮೈಕು ಕಸಿದುಕೊಂಡ. ಆಮೇಲೆ ಕಾಫಿ, ಬಾಳೆಹಣ್ಣು, ಅಂಬಡೆ ಹಂಚುವುದಕ್ಕೆ ಮಾತ್ರ ಸಮಯ ಧಾರಾಳವಾಗಿತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಸಿಟ್ಟು ಒಳ್ಳೆಯದಲ್ಲವೆಂದು ಇವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಅಕ್ಕನಿಂದ ಸಿಟ್ಟನ್ನು ಕಳೆದರೆ ಉಳಿಯುವುದು ಒಂದು ಕಾಟನ್ ಸೀರೆ, ಒಂದು ಕನ್ನಡಕ. ಅಷ್ಟನ್ನೇ ಅವರು ಅಲ್ಲಿ ಹೂವಿನ ಹಾರ ಹಾಕಿ ಕೂರಿಸಿದ್ದರು. ಆವತ್ತು ಹೇಳಲು ಬಿಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಇಲ್ಲಿ ಮೈಕು ಕಸಿಯುವವರಿಲ್ಲ.

ಅಕ್ಕನ ಪರಿಚಯವಾದದ್ದೇ ಬೈಗುಳದಿಂದ. ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿಗೆ ನಾನು ಹೊಸದಾಗಿ ಬಂದಾಗ, ತಿಳಿಯದೆ ನನ್ನ ಸ್ಕೂಟರನ್ನು ಅವರ ಕಾರಿನ ಮುಂದೆ ನಿಲ್ಲಿಸಿದ್ದೆ. ಬೆಳಿಗ್ಗೆ ಬಾಗಿಲು ತೆರೆದರೆ ಎದುರುಮನೆಯ ಗಿಡ್ಡ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಮೊದಲು ಕನ್ನಡಕ ತೆಗೆದು, ಮಡಚಿ, ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಶುರುವಾಯಿತು.

"ಎಂತ ಮಾರಾಯ್ತಿ, ಇಷ್ಟು ದೊಡ್ಡ ಬೊಂಬಾಯಿಯಲ್ಲಿ ನಿಂಗೆ ಸ್ಕೂಟರ್ ನಿಲ್ಲಿಸ್ಲಿಕ್ಕೆ ನನ್ನ ಕಾರಿನ ಮೂಗೇ ಸಿಕ್ಕಿದ್ದಾ?"

ನಾನು ಹುಬ್ಬಳ್ಳಿ ಕಡೆಯವಳು, ನನಗೂ ಬಾಯಿ ಇದೆ. ಆದರೂ ಆವತ್ತು ಅದು ಏಳಲಿಲ್ಲ. ಸಂಜೆ ಬ್ಯಾಂಕಿನಿಂದ ಮರಳಿದರೆ ವಾಚ್‌ಮನ್ ನನ್ನ ಸ್ಕೂಟರನ್ನು ಎಳೆದು ಸರಿಸುವಾಗ ಗೋಡೆಗೆ ಉಜ್ಜಿ ಬಣ್ಣ ಕಿತ್ತಿದ್ದ. ಅದೇ ಅಕ್ಕ, ಅದೇ ರೀತಿ ಕನ್ನಡಕ ಮಡಚಿಕೊಂಡು, ಬೆಳಿಗ್ಗೆ ನನ್ನ ಮೇಲೆ ಎತ್ತಿದಷ್ಟೇ ದನಿಯಲ್ಲಿ ನನ್ನ ಪರವಾಗಿ ಅವನನ್ನು ಬಯ್ಯುತ್ತಿದ್ದರು. ಅವರ ಸಿಟ್ಟಿಗೆ ನಮ್ಮವರು ಬೇರೆಯವರು ಎಂಬುದಿರಲಿಲ್ಲ. ಅಲ್ಲಿಂದ ಮುಂದೆ ನಾವು ಒಂದೇ ಮನೆಯವರಂತಾದೆವು.

ಕನ್ನಡಕ ಯಾಕೆ ತೆಗೆಯುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಎದುರಿನವರ ಮುಖ ಸರೀ ಕಂಡ್ರೆ ಪಾಪ ಅನ್ನಿಸ್ತದೆ. ಮತ್ತೆ ಬಯ್ಲಿಕ್ಕೆ ಆಗುದಿಲ್ಲ" ಎಂದಿದ್ದರು. ಶ್ರದ್ಧಾಂಜಲಿ ಸಭೆಯಲ್ಲಿ ಹೇಳಬೇಕಾಗಿದ್ದ ಮಾತು ಇದು.

ಕಾರಿನ ವಿಷಯ ಹೇಳದೆ ಅಕ್ಕನ ವಿಷಯ ಹೇಳಲಾಗುವುದಿಲ್ಲ. ಅದೊಂದು ಹಳೆಯ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ತಾಗಿದಂತೆ ಇರುವ ಮೂತಿ. ಫಿಲ್ಮ್‌ಸಿಟಿಯಲ್ಲಿ ಶೂಟಿಂಗಿಗೆ ಕಾರುಗಳನ್ನು ಬಾಡಿಗೆಗೆ ಕೊಡುತ್ತಿದ್ದವರೊಬ್ಬರು ವ್ಯವಹಾರ ಮುಚ್ಚಿದಾಗ, ಅಕ್ಕನ ಗಂಡ ಅದನ್ನು ಹೋಟೆಲಿನ ಹೆಸರಿನಲ್ಲಿ ಕೊಂಡು ತಂದಿದ್ದರು. ತಂದವರು ಓಡಿಸಿದ್ದು ಕಡಿಮೆ. ದೊಡ್ಡ ಹೊಟ್ಟೆಯ ಅವರಿಗೆ ಅದರೊಳಗೆ ಇಳಿಯುವುದೂ ಕಷ್ಟ, ಏಳುವುದೂ ಕಷ್ಟ. ಓಡಿಸಲು ಕಲಿತವರು ಅಕ್ಕ. ಸೀರೆಯುಟ್ಟು, ಬೆನ್ನ ಹಿಂದೆ ದಿಂಬಿಟ್ಟುಕೊಂಡು, ಹೈವೇಯಲ್ಲಿ ಅವರು ಹೋಗುವಾಗ ಪಕ್ಕದ ಕಾರಿನ ಹುಡುಗರು ಗಾಜು ಇಳಿಸಿ "ಆಂಟೀ, ಸಂಭಾಲ್ ಕೇ" ಎಂದು ಹುಷಾರು ಹೇಳುತ್ತಿದ್ದರು. ಅಕ್ಕ ಕನ್ನಡಕ ತೆಗೆಯಲಾಗದ ಒಂದೇ ಜಾಗ ಅದು, ಹಾಗಾಗಿ ಆ ಹುಡುಗರು ಬದುಕಿಕೊಂಡರು. ಒಮ್ಮೆ ಟ್ರಾಫಿಕ್ ಪೊಲೀಸ್ ನಿಲ್ಲಿಸಿ, ಒಳಗೆ ಬಗ್ಗಿ ನೋಡಿ, ಗಾಡಿ ಯಾರದು, ಸಾಹೇಬರು ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ. ಅಕ್ಕ "ಮೀಚ್ ಸಾಹೇಬ್", ನಾನೇ ಸಾಹೇಬ, ಎಂದು ಲೈಸೆನ್ಸು ಅವನ ಕೈಗಿಟ್ಟರು. ಪಕ್ಕದ ಸೀಟಿನಲ್ಲಿ ನಾನಿದ್ದೆ. ಅವನು ಸಲಾಮು ಹೊಡೆಯಬೇಕೋ ಬೇಡವೋ ಎಂದು ಅರ್ಧ ಕೈ ಎತ್ತಿ ನಿಂತದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಮನೆಯವರಿಗೆಲ್ಲ ಆ ಎರಡು ಸೀಟಿನ ಮೇಲೆ ಕಣ್ಣು, ಹೊಟ್ಟೆಕಿಚ್ಚು, ತಕರಾರು. ಮದುವೆ ಮುಂಜಿಗೆ ಹೋಗುವಾಗ ಯಾರನ್ನೂ ಕೂರಿಸಿಕೊಳ್ಳಲಾಗದ ಕಾರು ಎಂತಕ್ಕೆ ಎಂದು ಕೇಳುತ್ತಿದ್ದರು. ಅಕ್ಕನ ಉತ್ತರ ಸಿದ್ಧವಿರುತ್ತಿತ್ತು: "ಎರಡು ಸೀಟು ಸಾಕು. ಒಂದು ನನ್ನದು, ಇನ್ನೊಂದು ನಾನು ಕರೆದವರದ್ದು."

ಗಂಡ ತೀರಿಕೊಂಡ ಮೇಲೆ ಅಕ್ಕ ಹೋಟೆಲಿನ ಗಲ್ಲಾದಲ್ಲಿ ಕೂತರು. ಮರದ ಹಳೆಯ ಗಲ್ಲಾ, ಪಕ್ಕದಲ್ಲಿ ಸಣ್ಣ ಬಾಗಿಲು, ಮೇಲೆ ದೇವರ ಪಟ. ಮಾಣಿಗಳು ಅವರಿಗೆ ಹೆದರುತ್ತಿದ್ದರು, ಆದರೆ ಊರಿಗೆ ಹೋಗಲು ರಜೆ ಬೇಕಾದರೆ ಅವರ ಹತ್ತಿರವೇ ಬರುತ್ತಿದ್ದರು. ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಮೈದುನನಿಗೆ ಹೋಟೆಲನ್ನು ಹೊಸದು ಮಾಡುವ ಹುಚ್ಚು ಹಿಡಿಯಿತು. ಟೈಲ್ಸು ಬಂತು, ಗಾಜು ಬಂತು, ಕಂಪ್ಯೂಟರ್ ಬಂತು. ಮರದ ಗಲ್ಲಾ ಒಡೆದು ಫುಟ್‌ಪಾತಿನಲ್ಲಿ ರಾಶಿ ಹಾಕಿದರು. "ಅತ್ತಿಗೆ, ನೀವಿನ್ನು ಮನೆಯಲ್ಲಿ ಆರಾಮ ಇರಿ" ಎಂದ ಮೈದುನ.

ಆವತ್ತು ಸಂಜೆ ನಮ್ಮ ಮನೆಗೆ ಬಂದ ಅಕ್ಕನ ಕೈಯಲ್ಲಿ ಎರಡು ತುಂಡು ಲೋಹವಿತ್ತು. ಗಲ್ಲಾದ ಸಣ್ಣ ಬಾಗಿಲನ್ನು ಹಿಡಿದಿಡುತ್ತಿದ್ದ ಸ್ಪ್ರಿಂಗಿನ ಕೊಂಡಿಗಳು. ಒತ್ತಿದರೆ ಬಿಡುವಂಥವು, ದೂಡಿದರೆ ಟಕ್ಕೆಂದು ಕಚ್ಚಿಕೊಳ್ಳುವಂಥವು. ರಾಶಿಯ ಮುಂದೆ ರಸ್ತೆಯಲ್ಲಿ ಕೂತು ತಾವೇ ಬಿಚ್ಚಿ ತಂದಿದ್ದರು.

"ಇವನ್ನ ತಗೊಂಡ ಏನ ಮಾಡ್ತೀರಿ ಅಕ್ಕಾರ?" ಎಂದೆ.

"ಏನೂ ಇಲ್ಲ. ಸಿಟ್ಟಿಗೆ ತಂದದ್ದು. ಆರಾಮ ಇರಿ ಅಂದ್ರೆ ಎಂತ ಗೊತ್ತುಂಟಾ? ಆಚೆ ಹೋಗಿ ಅಂತ ಮರ್ಯಾದೆಯಲ್ಲಿ ಹೇಳುದು."

ಹೀಗೆ ಗಲ್ಲಾ ಹೋಯಿತು, ಕಾರು ಉಳಿಯಿತು. ಕಾಗದದಲ್ಲಿ ಅದು ಹೋಟೆಲಿನದೇ ಆಗಿದ್ದರೂ ಕೀಲಿ ಅಕ್ಕನ ಹತ್ತಿರವಿತ್ತು. ಅದೊಂದೇ ಅವರದ್ದು ಎಂದು ಅವರಿಗೆ ಗೊತ್ತಿತ್ತು, ಅದು ಅವರದ್ದಲ್ಲ ಎಂದು ಮೈದುನನಿಗೆ ಗೊತ್ತಿತ್ತು.

ಆಯುಧಪೂಜೆಯ ದಿನ ಆ ಹೋಟೆಲಿನಲ್ಲಿ ಎಲ್ಲಕ್ಕೂ ಪೂಜೆ. ಗ್ರೈಂಡರಿಗೆ, ದೋಸೆಕಾವಲಿಗೆ, ಕಾಫಿ ಯಂತ್ರಕ್ಕೆ ಗಂಧ ಹಚ್ಚಿ ಹೂ ಮುಡಿಸುತ್ತಾರೆ. ಹೊರಗೆ ಸಾಮಾನು ತರುವ ಟೆಂಪೋ, ಪಾರ್ಸೆಲ್ ಒಯ್ಯುವ ಬೈಕುಗಳು, ಮೈದುನನ ದೊಡ್ಡ ಕಾರು, ಕೊನೆಯಲ್ಲಿ ಅಕ್ಕನ ಕೆಂಪು ಕಾರು, ಎಲ್ಲ ತೊಳೆದು ಸಾಲಾಗಿ ನಿಲ್ಲಿಸುವುದು ಅಕ್ಕನ ಗಂಡನ ಕಾಲದಿಂದ ಬಂದ ಪದ್ಧತಿ. ಚಕ್ರದಡಿ ಲಿಂಬೆಹಣ್ಣು, ಮೂತಿಗೆ ಚೆಂಡುಹೂವಿನ ಹಾರ, ಪ್ರತಿ ಗಾಡಿಯ ಮುಂದೆ ಒಂದು ಈಡುಗಾಯಿ. ತೆಂಗಿನಕಾಯಿಯನ್ನು ಗಾಡಿಯಿಂದ ದೂರ ತಿರುಗಿ ನೆಲಕ್ಕೆ ಅಪ್ಪಳಿಸಬೇಕು. ಆ ವರ್ಷ ಒಡೆಯಲು ಮೈದುನನೇ ನಿಂತ. ಗುರುತಿನವರು ನಾಲ್ಕು ಜನ ಗಾಡಿಗಳ ಹಿಂದೆ ನಿಂತು ಮೊಬೈಲು ಹಿಡಿದು ವೀಡಿಯೋ ತೆಗೆಯುತ್ತಿದ್ದರು, ಹಾಗಾಗಿ ಗಾಡಿಗೆ ಬೆನ್ನು ಹಾಕಿದರೆ ತನ್ನ ಮುಖ ಬರುವುದಿಲ್ಲವೆಂದು ಗಾಡಿಯ ಕಡೆಗೇ ತಿರುಗಿ ನಿಂತ. ತಲೆಯ ಮೇಲೆತ್ತಿ, ತನ್ನ ಶಕ್ತಿಯನ್ನೆಲ್ಲ ಹಾಕಿ ಹೊಡೆದ.

ಟೆಂಪೋ, ಬೈಕು, ದೊಡ್ಡ ಕಾರು ಎಲ್ಲ ಬಚಾವಾದವು. ಅಕ್ಕನ ಕಾರಿನ ಮುಂದೆ ಕಾಯಿ ಒಡೆಯಲಿಲ್ಲ. ಕಾಂಕ್ರೀಟಿಗೆ ಬಡಿದು, ಹಾರಿ, ನೇರ ಕಾರಿನ ಬಾಯಿಗೆ ಹೊಕ್ಕಿತು. ಬೇರೆ ಗಾಡಿಯಾಗಿದ್ದರೆ ಬಂಪರಿಗೆ ತಾಗಿ ಬೀಳುತ್ತಿತ್ತು. ಇದರ ಮೂತಿ ಅಷ್ಟು ಕೆಳಗೆ. ಬಾಯಿಯ ಹಳೆಯ ಪ್ಲಾಸ್ಟಿಕ್ ಜಾಲರಿ, ಅಂದರೆ ಗ್ರಿಲ್, ಚೂರುಚೂರಾಗಿ, ತೆಂಗಿನಕಾಯಿ ಒಳಗೆ ಸಿಕ್ಕಿಹಾಕಿಕೊಂಡು, ಅದರ ಜುಟ್ಟು ಮಾತ್ರ ಹೊರಗೆ ಕಾಣುತ್ತಿತ್ತು. ಆಮೇಲೆ ಮೈದುನ ಕೈ ಜೋಡಿಸಿ, "ಇದು ಶುಭ ಅತ್ತಿಗೆ. ದೃಷ್ಟಿ ಹೋಯ್ತು ಅಂತ ತಿಳ್ಕೊಳ್ಳಿ" ಎಂದ. ಸುತ್ತಲಿದ್ದವರೂ ಹೌದು ಹೌದು, ದೊಡ್ಡ ದೃಷ್ಟಿ ಹೋಯಿತು ಎಂದರು.

ಅಕ್ಕ ಕನ್ನಡಕ ತೆಗೆದು ಮಡಚಿದರು.

"ದೃಷ್ಟಿ ಹೋಯ್ತು, ಸರಿ. ನನ್ನ ಗ್ರಿಲ್ ಎಲ್ಲಿ?"

ನಂತರ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ತುಳುವಿನಲ್ಲಿತ್ತು, ನನಗೆ ಅರ್ಥವಾಗಲಿಲ್ಲ, ಅರ್ಥವಾದವರು ನೆಲ ನೋಡುತ್ತಿದ್ದರು. ಒಂದು ದಿನವೂ ದನಿ ಎತ್ತಿದವರಲ್ಲ ಎಂದನಲ್ಲ, ಆವತ್ತು ಅವನ ಕಿವಿ ಎಲ್ಲಿಗೆ ಹೋಗಿತ್ತು?

ಗ್ರಿಲ್ ಅಂದರೆ ಬರೀ ಅಲಂಕಾರವಲ್ಲ. ಅದರ ಹಿಂದೆಯೇ ಎಂಜಿನ್ ತಣಿಸುವ ರೇಡಿಯೇಟರ್. ಗ್ರಿಲ್ ಇಲ್ಲದೆ ಓಡಿಸಿದರೆ ರಸ್ತೆಯ ಕಲ್ಲು, ಪ್ಲಾಸ್ಟಿಕ್ ಚೀಲ ಎಲ್ಲ ನೇರ ಅದಕ್ಕೇ ಬಡಿಯುತ್ತದೆ. ಕಾರು ಪಾರ್ಕಿಂಗಿನಲ್ಲಿ ನಿಂತಿತು. ನಿಂತ ಕಾರಿನ ಮೇಲೆ ಧೂಳು ಕೂತಿತು, ಕೂಡಲೇ ಎಲ್ಲರಿಗೂ ಮಾತು ಬಂತು. ಸೊಸೈಟಿಯ ಸೆಕ್ರೆಟರಿ, ಕೆಟ್ಟ ಗಾಡಿ ಜಾಗ ತಿನ್ನುತ್ತಿದೆ ಎಂದ. ಮೈದುನ, "ಅತ್ತಿಗೆ, ದೀಪಾವಳಿ ತನಕ ನೋಡುವ. ಓಡದಿದ್ರೆ ಭಂಗಾರ್‌ನವನನ್ನು ಕರೆದು ಗುಜರಿಗೆ ಹಾಕ್ತೇನೆ. ಹೋಟೆಲಿನ ಹೆಸರಲ್ಲಿ ಸುಮ್ಮನೆ ಇಟ್ಕೊಂಡು ಎಂತ ಮಾಡ್ಲಿಕ್ಕುಂಟು?" ಎಂದ. ಮುರಿದವನೇ ಗಡುವು ಕೊಡುವ ಚೆಂದ ನೋಡಿ! ನನಗೆ ಅದನ್ನು ಕೇಳಿ ಮೈ ಉರಿದುಹೋಯಿತು.

ಅಕ್ಕ ಗ್ರಿಲ್ ಹುಡುಕಲು ಹೊರಟರು. ಶೋರೂಮಿನವರು ಆ ಮಾಡೆಲ್ಲಿನ ಸಾಮಾನು ನಿಂತುಹೋಗಿದೆ ಎಂದು, ತಣ್ಣನೆಯ ನೀರು ಕೊಟ್ಟು, ಹೊಸ ಕಾರಿನ ಚಿತ್ರ ತೋರಿಸಿದರು. ಕುರ್ಲಾದ ಗುಜರಿ ಗಲ್ಲಿಯಲ್ಲಿ ಒಬ್ಬ ಬೇರೆ ಯಾವುದೋ ಕಾರಿನ ಗ್ರಿಲ್ ತಂದು, ಸ್ವಲ್ಪ ಕೊಯ್ದರೆ ಕೂರುತ್ತದೆ ಎಂದ. ಅಕ್ಕ ಅವನಿಗೆ ಹಿಂದಿಯಲ್ಲಿ, "ನನ್ನ ಹಲ್ಲು ಬಿದ್ದರೆ ನಿನ್ನ ಹಲ್ಲು ಕೊಯ್ದು ಹಾಕಿಕೊಳ್ಳಲಾ?" ಎಂದು ಕೇಳಿದರು. ಅವನಿಗೆ ಅದು ಬಹಳ ಇಷ್ಟವಾಗಿ ಚಹಾ ತರಿಸಿದ. ಕೊನೆಗೆ ನನ್ನ ಫೋನಿನಲ್ಲಿ ಇಬ್ಬರೂ ಕೂತು ಹುಡುಕಿ, ಹೊರದೇಶದಿಂದ ಒಂದು ಕಪ್ಪು ತಂತಿಜಾಲರಿಯ ಗ್ರಿಲ್ ತರಿಸಿದೆವು. ದೀಪಾವಳಿ ಹತ್ತಿರ ಬಂದಿತ್ತು. ಪೆಟ್ಟಿಗೆ ಬಿಚ್ಚಿ ಕಾರಿನ ಬಾಯಿಗೆ ಹಿಡಿದು ನೋಡಿದರೆ ಕೆಳಗಿನ ಎರಡು ಕೊಕ್ಕೆ ಸರಿಯಾಗಿ ಕೂತವು, ಮೇಲಿನ ಎರಡು ಕಿವಿಗಳು ತೂತಿಗೆ ಸೇರಲೇ ಇಲ್ಲ. ನಂತರ ಬಂದ ಮಾಡೆಲ್ಲಿನದನ್ನು ಕಳಿಸಿದ್ದರು.

ಮೂಲೆಯ ಗ್ಯಾರೇಜಿನವನು ಬಂದು ನೋಡಿ, ಡ್ರಿಲ್ ಎತ್ತಿಕೊಂಡ. "ಚಾರ್ ಸ್ಕ್ರೂ ಮಾರ್ ದೇತಾ ಹೂಂ ಮೇಡಮ್, ಜಿಂದಗೀ ಭರ್ ನಹೀ ನಿಕಲೇಗಾ" ಎಂದ. ನಾಲ್ಕು ಸ್ಕ್ರೂ ಹೊಡೆದರೆ ಜೀವಮಾನವಿಡೀ ಬಿಚ್ಚಿಕೊಳ್ಳುವುದಿಲ್ಲವಂತೆ. ಅಕ್ಕ ಅವನ ಕೈಹಿಡಿದು ನಿಲ್ಲಿಸಿದರು. ನನ್ನ ಕಡೆ ತಿರುಗಿ, "ಬಿಚ್ಚಲಿಕ್ಕೆ ಆಗ್ಬೇಕು ಮಾರಾಯ್ತಿ. ಬರುವ ವರ್ಷ ಮತ್ತೆ ಆಯುಧಪೂಜೆ ಉಂಟಲ್ಲ" ಎಂದರು. ನನಗೆ ಆಗ ಅದು ತಮಾಷೆ ಎನಿಸಿತ್ತು.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಹಳೆಯ ಪೇಪರು ಹಾಸಿ ಅಕ್ಕ ಕಾರಿನ ಮುಂದೆ ಕೂತರು. ನನ್ನ ಕೆಲಸ ಟಾರ್ಚು ಹಿಡಿಯುವುದು, ಬೈಸಿಕೊಳ್ಳುವುದು. ಮೊದಲು ನಂಬರ್ ಪ್ಲೇಟು ಬಿಚ್ಚಿದರು. ಬಾಯಿಯ ಸುತ್ತ ಕೆಂಪು ಬಣ್ಣ ಗೀಚಿಹೋಗಬಾರದೆಂದು ಟೇಪು ಅಂಟಿಸಿದರು. ಹಳೆಯ ಗ್ರಿಲ್ಲಿನ ಚೂರುಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಎಳೆದರು, ಪ್ರತಿ ಚೂರಿಗೂ ಮೈದುನನಿಗೆ ಒಂದೊಂದು ಮಾತು. ತೆಂಗಿನ ನಾರು ಕೂಡ ಸಿಕ್ಕಿತು. ಅದನ್ನು ಬೆಳಕಿಗೆ ಹಿಡಿದು, "ಪ್ರಸಾದ, ತಿಂತೀಯಾ?" ಎಂದು ನನ್ನನ್ನು ಕೇಳಿದರು.

ಅಷ್ಟರಲ್ಲಿ ಸೆಕ್ರೆಟರಿ ಬಂದ. ಪಾರ್ಕಿಂಗಿನಲ್ಲಿ ರಿಪೇರಿ ಮಾಡುವಂತಿಲ್ಲ, ಸೊಸೈಟಿಯ ನಿಯಮ ಎಂದ. ಅಕ್ಕನಿಗೆ ಕನ್ನಡಕ ತೆಗೆಯಲು ಕೈ ಖಾಲಿ ಇರಲಿಲ್ಲ. ನನ್ನನ್ನು ಓಡಿಸಿ ಮನೆಯಿಂದ ಊದುಬತ್ತಿ ತರಿಸಿದರು. ಹಚ್ಚಿ, ಬಾನೆಟ್ಟಿನ ಸಂದಿಗೆ ಸಿಕ್ಕಿಸಿ, "ಪೂಜಾ ಚಾಲೂ ಹೈ" ಎಂದರು. ಈ ಊರಿನಲ್ಲಿ ಪೂಜೆಗೆ ಅಡ್ಡ ಬರುವ ಸೆಕ್ರೆಟರಿ ಇನ್ನೂ ಹುಟ್ಟಿಲ್ಲ. ಅವನು ಸ್ಪ್ಯಾನರನ್ನೂ ಇಕ್ಕಳವನ್ನೂ ಊದುಬತ್ತಿಯನ್ನೂ ನೋಡಿದ, ಚಪ್ಪಲಿ ಬಿಟ್ಟು ಕೈ ಮುಗಿದ, ಹೋದ.

ಮೇಲಿನ ಕಿವಿಗಳಿಗೆ ಏನು ಮಾಡುವುದೆಂದು ಅಕ್ಕ ಆಗಲೇ ಯೋಚಿಸಿಟ್ಟಿದ್ದರು. ಸೆರಗಿನ ಗಂಟಿನಿಂದ ಗಲ್ಲಾದ ಆ ಎರಡು ಸ್ಪ್ರಿಂಗ್ ಕೊಂಡಿಗಳನ್ನು ತೆಗೆದರು. ಸೇರದ ಕಿವಿಗಳನ್ನು ಅರದಿಂದ ಉಜ್ಜಿ ಸಣ್ಣದು ಮಾಡಿ, ಅವುಗಳಿಗೆ ಕೊಂಡಿಗಳನ್ನು ಬಿಗಿದರು. ಕಾರಿನ ತೂತಿಗೆ ಕೊಂಡಿ ಕಚ್ಚಿಕೊಳ್ಳುವಂತೆ ಬಗ್ಗಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಒಂದು ಸಲ ಕೂತದ್ದು ಕಳಚಿ ಬಿತ್ತು. ಇನ್ನೊಂದು ಸಲ ವಾರೆಯಾಗಿ ಕೂತು ಕಾರು ಅಣಕಿಸಿದಂತೆ ಕಂಡಿತು. ಬೆರಳು ಕೊಯ್ದು ರಕ್ತ ಬಂತು.

"ಅಕ್ಕಾರ, ಸಾಕ ಬಿಡ್ರಿ, ಗ್ಯಾರೇಜಿನವಗ ಹೇಳೂಣು" ಎಂದೆ.

"ಸುಮ್ನಿರು. ಸಿಟ್ಟಿನಲ್ಲಿ ಮಾಡಿದ ಕೆಲಸ ಗಟ್ಟಿ ಇರ್ತದೆ. ಸಮಾಧಾನದಲ್ಲಿ ಮಾಡಿದ್ದೆಲ್ಲ ಆ ಹೋಟೆಲಿನ ಹೊಸ ಕುರ್ಚಿ ಹಾಗೆ, ಕೂತ್ರೆ ಅಲ್ಲಾಡ್ತದೆ."

ಕೊನೆಗೆ ಟಕ್ಕೆಂದು ಎರಡೂ ಕಡೆ ಕಚ್ಚಿಕೊಂಡಿತು. ಓಡುವಾಗ ಗಡಗಡ ಎನ್ನಬಾರದೆಂದು ತಮ್ಮ ಹಳೆಯ ನೀಲಿ ಹವಾಯಿ ಚಪ್ಪಲಿಯ ರಬ್ಬರನ್ನು ಪಟ್ಟಿಯಾಗಿ ಕೊಯ್ದು ಗ್ರಿಲ್ಲಿನ ಅಂಚಿಗೆ ಕೊಟ್ಟರು. ಹತ್ತಿರ ಹೋಗಿ ನೋಡಿದರೆ ಮಾತ್ರ ನೀಲಿ ಕಾಣುತ್ತಿತ್ತು. ಆಮೇಲೆ ನನ್ನ ಕೈ ಹಿಡಿದು ಕಲಿಸಿದರು: ಎರಡು ಹೆಬ್ಬೆರಳುಗಳನ್ನು ಜಾಲರಿಯ ಮೇಲಿನ ಮೂಲೆಗಳಲ್ಲಿ ತೂರಿಸಿ, ಒತ್ತಿ, ಸ್ವಲ್ಪ ಮೇಲಕ್ಕೆತ್ತಿ, ಎದೆಯ ಕಡೆಗೆ ಎಳೆದುಕೊಳ್ಳಬೇಕು. ಗೊತ್ತಿಲ್ಲದವನು ದಿನವಿಡೀ ಜಗ್ಗಿದರೂ ಬರುವುದಿಲ್ಲ. ಗೊತ್ತಿದ್ದವರಿಗೆ ಅಡುಗೆಮನೆಯ ಡಬ್ಬಿಯ ಮುಚ್ಚಳ ತೆಗೆದಷ್ಟೇ ಸುಲಭ.

ಆ ಮಧ್ಯಾಹ್ನ ಇಬ್ಬರೂ ಕಾರಿನಲ್ಲಿ ಹೋಟೆಲಿನ ಮುಂದೆ ನಿಧಾನ ಹೋದೆವು. ಮೈದುನ ಗಾಜಿನ ಹಿಂದೆ ನಿಂತಿದ್ದ. ಅಕ್ಕ ಹಾರ್ನು ಹಾಕಲಿಲ್ಲ, ಕೈ ಬೀಸಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಆ ದೀಪಾವಳಿಗೆ ಭಂಗಾರ್‌ನವನು ಬರಲಿಲ್ಲ.

ಮರುವರ್ಷದ ಆಯುಧಪೂಜೆಗೆ ಅಕ್ಕ ಕಾರು ತೊಳೆದರು. ಹೊರಡುವ ಮೊದಲು ಗ್ರಿಲ್ ತೆಗೆದು ನನ್ನ ಕೈಗೆ ಕೊಟ್ಟರು. "ನಿನ್ನ ಮನೆಯಲ್ಲಿಡು. ನಮ್ಮವರ ಕೈಗೆ ತೆಂಗಿನಕಾಯಿ ಬರುವ ದಿನ ಇದು ನಿನ್ನ ಮನೆಯದ್ದು." ನಾನು ಅದನ್ನು ನಮ್ಮ ದೇವರ ಕಟ್ಟೆಯ ಪಕ್ಕದಲ್ಲಿಟ್ಟು, ಅದಕ್ಕೂ ಒಂದು ಹೂವು ಹಾಕಿದೆ. ಹೋಟೆಲಿನ ಮುಂದೆ ಸಾಲಿನ ಕೊನೆಯಲ್ಲಿ, ಹಲ್ಲಿಲ್ಲದ ಬಾಯಿ ತೆರೆದುಕೊಂಡು ಕೆಂಪು ಕಾರು ನಿಂತಿತ್ತು. ನೋಡಿದವರೆಲ್ಲ ಏನಾಯಿತೆಂದು ಕೇಳಬೇಕು, ಅಕ್ಕ ಎಲ್ಲರಿಗೂ ಕೇಳುವಂತೆ ಹೇಳಬೇಕು. ಮೈದುನನ ಮುಖ ಹುಳ್ಳಗಾಗುತ್ತಿತ್ತು. "ಗ್ರಿಲ್ ಹಾಕಿಯೇ ತನ್ನಿ ಅತ್ತಿಗೆ, ಜನ ನಗ್ತಾರೆ" ಎಂದರೆ, "ಪೂಜೆ ಬೇಡ ಅಂತ ನಾನು ಹೇಳಿದ್ನಾ? ಗುರಿಯಿಟ್ಟು ಹೊಡೀಬೇಡಿ ಅಂತ ಹೇಳಿದ್ದಷ್ಟೆ" ಎನ್ನುತ್ತಿದ್ದರು. ಅಲ್ಲಿಂದ ಪ್ರತಿ ವರ್ಷ ಹಾಗೆಯೇ. ಪೂಜೆ ಮುಗಿಸಿ ಬಂದು ನಮ್ಮ ಬಾಗಿಲು ತಟ್ಟಿ ಗ್ರಿಲ್ ಕೇಳಿ ಪಡೆದು, ಟಕ್ಕೆಂದು ಕೂರಿಸಿ, ನನ್ನನ್ನು ಒಂದು ಸುತ್ತು ಕರೆದುಕೊಂಡು ಹೋಗುತ್ತಿದ್ದರು.

ಸಣ್ಣ ಕಾಯಿಲೆ ಎಂದುಕೊಂಡದ್ದು ದೊಡ್ಡದಾಗಿ ಅಕ್ಕ ಹೋದರು. ಆಸ್ಪತ್ರೆಯಲ್ಲಿಯೂ ಗಂಜಿ ತಣ್ಣಗಿದೆ ಎಂದು ಬಯ್ದರು, ಅದೇ ನಾನು ಕೇಳಿದ ಕೊನೆಯ ಬೈಗುಳ. ಅವರು ಹೋದ ಕೆಲವು ವಾರಕ್ಕೆ ಪಾರ್ಕಿಂಗಿನಿಂದ ಕಾರು ಮಾಯವಾಯಿತು. ಟೆಂಪೋ ತಂದು ಎತ್ತಿಕೊಂಡು ಹೋದರು ಎಂದ ವಾಚ್‌ಮನ್. ಮಾರಿದ್ದಾನೆ ಎಂದುಕೊಂಡೆ. ಯಾರೋ ಓಡಿಸುವವರಿಗೆ ಸಿಕ್ಕಿರಲಿ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಮಾಡಿಕೊಂಡದ್ದೇ ನನ್ನ ಪೆದ್ದತನ.

ಈ ಆಯುಧಪೂಜೆಗೆ ಮೈದುನನ ಫೋನು ಬಂತು. ಬಾಂದ್ರಾದಲ್ಲಿ ಹೊಸ ರೆಸ್ಟೋರೆಂಟ್ ತೆರೆದಿದ್ದಾನಂತೆ. "ಅತ್ತಿಗೆಯ ನೆನಪಿಗೆ ಒಂದು ಸರ್‌ಪ್ರೈಸ್ ಉಂಟು, ನೀವು ಬರ್ಲೇಬೇಕು ಮೇಡಂ."

ಹೋದೆ. ಒಳಗೆ ಕಾಲಿಟ್ಟರೆ ಗಲ್ಲಾದ ಹಿಂದಿನ ಗೋಡೆಯ ಮೇಲೆ ಅಕ್ಕನ ಕಾರಿನ ಮೂತಿ ಇತ್ತು. ಬರೀ ಮೂತಿ. ಮುಂದಿನ ಚಕ್ರಗಳ ಹತ್ತಿರ ಕೊಯ್ದು, ಗೋಡೆಗೆ ಜಡಿದು, ಹೆಡ್‌ಲೈಟಿನೊಳಗೆ ಬಣ್ಣದ ದೀಪ ಹಾಕಿದ್ದರು. ಕೆಳಗೆ ಹೊಳೆಯುವ ಅಕ್ಷರದಲ್ಲಿ "ಅತ್ತಿಗೆಯ ಪ್ರೀತಿಯ ನೆನಪಿಗೆ". ಬಂದ ಗಿರಾಕಿಗಳು ಅದರ ಕೆಳಗೆ ನಿಂತು ಬೆರಳು ಎತ್ತಿ ಸೆಲ್ಫಿ ತೆಗೆಯುತ್ತಿದ್ದರು. ಓಡುವ ಕಾರಾಗಿತ್ತು ಅದು. ಅಕ್ಕ ಆಸ್ಪತ್ರೆಗೆ ಹೋಗುವ ಹಿಂದಿನ ವಾರ ನಾವು ಅದರಲ್ಲಿ ಹೋಗಿ ಬಂದಿದ್ದೆವು.

"ಉಳಿದದ್ದೆಲ್ಲ?" ಎಂದು ಕೇಳಿದೆ.

"ಭಂಗಾರ್‌ಗೆ" ಎಂದ ಮೈದುನ, ಖುಷಿಯಿಂದ. "ಒಳ್ಳೆ ಭಾಗ ಮಾತ್ರ ಇಟ್ಕೊಂಡದ್ದು. ಹೇಗುಂಟು? ಇಂಟೀರಿಯರ್‌ನವರ ಐಡಿಯಾ."

ನಾನು ಹತ್ತಿರ ಹೋದೆ. ಜಾಲರಿಯ ಅಂಚಿನಲ್ಲಿ ನೀಲಿ ರಬ್ಬರಿನ ಪಟ್ಟಿ ಹಾಗೇ ಇತ್ತು. ಮೇಲಿನ ಮೂಲೆಗಳಲ್ಲಿ ಗಲ್ಲಾದ ಕೊಂಡಿಗಳು ಹಾಗೇ ಇದ್ದವು. ಅಕ್ಕನನ್ನು ಎಬ್ಬಿಸಿ ಕಳಿಸಿದ ಗಲ್ಲಾದ ಕೊಂಡಿಗಳು, ಹೊಸ ಗಲ್ಲಾದ ನೆತ್ತಿಯ ಮೇಲೆ. ಅಷ್ಟರಲ್ಲಿ ಭಟ್ಟರು ಮೂತಿಗೆ ಗಂಧ ಹಚ್ಚಿದರು, ಹಾರ ಹಾಕಿದರು, ಮಂಗಳಾರತಿ ಎತ್ತಿದರು. ಮೈದುನ ಕೈಯಲ್ಲಿ ತೆಂಗಿನಕಾಯಿ ಹಿಡಿದು, ಮೊಬೈಲುಗಳು ಎಲ್ಲಿವೆ ಎಂದು ನೋಡಿಕೊಂಡು, ಹೊರಗೆ ಒಡೆಯುವ ಎಂದು ಹೊರಟ. ಎಲ್ಲರೂ ಬಾಗಿಲ ಕಡೆ ತಿರುಗಿದರು.

ನನಗೂ ಈಚೆಗೆ ಕನ್ನಡಕ ಬಂದಿದೆ, ಅದನ್ನು ತೆಗೆದು ಮಡಚಿ ಬ್ಯಾಗಿಗೆ ಹಾಕಿದೆ. ಕುರ್ಚಿ ಎಳೆದು ಹತ್ತಿದೆ. ಹಾರ ಸರಿಸಿ, ಎರಡು ಹೆಬ್ಬೆರಳು ಮೂಲೆಗೆ ತೂರಿಸಿ ಒತ್ತಿದೆ, ಎತ್ತಿದೆ, ಎದೆಯ ಕಡೆಗೆ ಎಳೆದೆ. ಬಂತು. ಗಲ್ಲಾದ ಹುಡುಗಿ ಬಾಯಿ ತೆರೆದಳು.

"ಇವತ್ತ ಆಯುಧಪೂಜಾ" ಎಂದೆ ಅವಳಿಗೆ. "ಇವತ್ತ ಇದು ನಮ್ಮನ್ಯಾಗ ಇರೋದು."

ಅದೂ ಒಂದು ಶಾಸ್ತ್ರವೆಂದುಕೊಂಡು ಅವಳು ತಲೆಯಾಡಿಸಿದಳು. ಹೊರಗೆ ತೆಂಗಿನಕಾಯಿ ಒಡೆಯುವುದನ್ನು ವೀಡಿಯೋ ತೆಗೆಯುತ್ತಿದ್ದವರ ಹಿಂದಿನಿಂದ ನಾನು ಸ್ಟೇಶನ್ನಿಗೆ ನಡೆದೆ. ಲೇಡೀಸ್ ಡಬ್ಬಿಯಲ್ಲಿ ತೊಡೆಯ ಮೇಲೆ ಗ್ರಿಲ್ ಇಟ್ಟುಕೊಂಡು ಕೂತಾಗ ಪಕ್ಕದವಳು ಇದು ಯಾವ ಜಾಲರಿ ಎಂದು ಕೇಳಿದಳು. ನನ್ನ ಅಕ್ಕನದು ಎಂದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂದಿತ್ತು, ಅವಳು ಸ್ವಲ್ಪ ಸರಿದು ಜಾಗ ಕೊಟ್ಟಳು.

ಮನೆಗೆ ಬಂದು ಅದನ್ನು ದೇವರ ಕಟ್ಟೆಯ ಪಕ್ಕದಲ್ಲಿಟ್ಟು ಹೂವು ಹಾಕುತ್ತಿದ್ದಾಗ ಫೋನು ಬಡಿದುಕೊಂಡಿತು. ಮೈದುನ. ಹಿಂದೆ ಗದ್ದಲ, ಗಿರಾಕಿಗಳ ಸದ್ದು.

"ಮೇಡಂ, ಇದೆಂತ ಮಾಡಿದ್ದು ನೀವು? ಕಾರಿನ ಬಾಯಿ ಖಾಲಿ ಉಂಟು, ಜನ ನಗ್ತಿದ್ದಾರೆ. ಗ್ರಿಲ್ ಎಲ್ಲಿ?"

"ಶುಭ ಆತಲ್ರಿ" ಎಂದೆ. "ದೃಷ್ಟಿ ಹೋತು ಅಂತ ತಿಳ್ಕೋರಿ."